ಮುರುಗಲ ತುಪ್ಪ ಕಾಸಿದ್ದು

ತುಪ್ಪ ಎಂದು ಹೆಸರಿದ್ದರೂ ಮುರುಗಲ ತುಪ್ಪಕ್ಕೂ ಹಸುವಿಗೂ ಸಂಬಂಧವಿಲ್ಲ. ಅದು ಮುರುಗಲ ಹಣ್ಣಿನ ಬೀಜದೊಳಗಿನ ಕೊಬ್ಬು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ, ಪೇಟೆಯ ಬಾಟಲಿಗಳ ಮೇಲೆ ಕೋಕಂ ಎಂದು ಅಚ್ಚಾಗುವ ಈ ಹಣ್ಣಿನ ಶರಬತ್ತನ್ನು ಕುಡಿಯದವರು ಕಡಿಮೆ. ಬೀಜ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಇನ್ನೂ ಕಡಿಮೆ. ಮಂಡ್ಯ ಜಿಲ್ಲೆಯ ಬಯಲಿನಲ್ಲಿ ಬೆಳೆದ ನನಗೆ ಗೊತ್ತಿದ್ದ ಎಣ್ಣೆಗಳೇ ಬೇರೆ. ನೆತ್ತಿಗೆ ಹರಳೆಣ್ಣೆ, ಎತ್ತಿನ ಹೆಗಲ ಗಾಯಕ್ಕೆ ಬೇವಿನ ಎಣ್ಣೆ, ತುರಿಕೆಗೆ ಹೊಂಗೆ ಎಣ್ಣೆ. ಸಿದ್ದಾಪುರ ತಾಲ್ಲೂಕಿನ ಹೈಸ್ಕೂಲೊಂದಕ್ಕೆ ವಿಜ್ಞಾನ ಶಿಕ್ಷಕಿಯಾಗಿ ಬಂದು, ಅಡಿಕೆ ತೋಟದ ಮೇಲಿನ ಮನೆಯೊಂದರ ಹೊರಗಿನ ಕೋಣೆಯಲ್ಲಿ ಬಾಡಿಗೆಗೆ ಇಳಿದ ಮೇಲೆ ಈ ತುಪ್ಪದ ಪರಿಚಯವಾಯಿತು.

ಪರಿಚಯ ಮಾಡಿಸಿದ್ದು ನನ್ನ ಹಿಮ್ಮಡಿ. ಇಡೀ ದಿನ ಸಿಮೆಂಟ್ ನೆಲದ ಮೇಲೆ ನಿಂತು ಪಾಠ ಮಾಡುವವರ ಕಾಲು ಹೇಗಿರುತ್ತದೆ ಎಂಬುದು ಶಿಕ್ಷಕರಿಗೆ ಗೊತ್ತು. ಚಳಿಗಾಲದಲ್ಲಿ ಹಿಮ್ಮಡಿಯ ಅಂಚು ಸೀಳಿ, ಹಾಸಿಗೆಯ ಹೊದಿಕೆಗೆ ತಾಗಿದರೆ ದಾರ ಎಳೆಯುವಷ್ಟು ಒರಟಾಗಿತ್ತು. ಮನೆಯೊಡತಿ ಒಮ್ಮೆ ನನ್ನ ನಡಿಗೆ ನೋಡಿ, "ಅಕ್ಕೋರೇ, ಕಾಲು ಒಡೆದಿದೆಯಲ್ಲ, ಹೇಳುವುದಲ್ಲವೇ?" ಎಂದು ಒಳಗೆ ಹೋಗಿ, ತೆಂಗಿನ ಗರಟೆಯ ಆಕಾರದಲ್ಲೇ ಗಟ್ಟಿಯಾಗಿದ್ದ ಮಾಸಲು ಬಿಳಿಯ ಉಂಡೆಯೊಂದನ್ನು ತಂದುಕೊಟ್ಟರು. ಮೊದಲ ನೋಟಕ್ಕೆ ಮೇಣದಂತಿತ್ತು. ಮೂಸಿದರೆ ವಾಸನೆಯೇ ಇಲ್ಲ. ಅವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತೇನೆ. ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದೆ. "ಹೇಳಿದರೆ ತಿಳಿಯುವುದಿಲ್ಲ, ಬೇಸಿಗೆಗೆ ಊರಿಗೆ ಓಡದೆ ಇಲ್ಲೇ ಇರಿ" ಎಂದರು.

ಇದ್ದೆ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ. ಈ ಮರಗಳಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಗಂಡು ಮರ ಹೂ ಬಿಟ್ಟು ಸುಮ್ಮನಾಗುತ್ತದೆ. ಯಾವ ಹೆಣ್ಣು ಮರ ಎಲ್ಲಿದೆ ಎಂಬ ನಕ್ಷೆ ಅಮ್ಮನ ತಲೆಯಲ್ಲಿದೆ. ಒಂದೆರಡು ಮನೆಯ ಬೇಲಿಯಲ್ಲೇ ಇವೆ, ಉಳಿದವು ಸೊಪ್ಪಿನ ಬೆಟ್ಟದ ಅಂಚಿನಲ್ಲಿ. ಅಲ್ಲಿಗೆ ಹೋಗುವ ಮುಂಚೆ ಕೈಕಾಲಿಗೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲ ಸವರಿಕೊಂಡೆವು. ಇದು ಗಿಡದ ಎಣ್ಣೆಯಲ್ಲ, ಉಣ್ಣೆಗಳನ್ನು ದೂರ ಇಡುವ ರಾಸಾಯನಿಕ. ಉಣ್ಣೆಗಳ ಕಡಿತದಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಹಳ್ಳಿಗಳಿಗೂ ಅದರ ಭಯ ಹೊಸತಲ್ಲ. ಹಣ್ಣು ಹೆಕ್ಕುವ ಕಾಲವೂ ಆ ಕಾಯಿಲೆಯ ಕಾಲವೂ ಒಂದರ ಮೇಲೊಂದು ಬರುತ್ತವೆ. ಅಮ್ಮನ ನಾದಿನಿಯೊಬ್ಬರು ಡೇಪಾ ಬೇಡವೆಂದು ಬೇವಿನ ಎಣ್ಣೆ ಹಚ್ಚಿಕೊಂಡು ಹೊರಟಾಗ ಅಮ್ಮ ಅವರನ್ನು ಅಂಗಳದಿಂದಲೇ ಹಿಂದಕ್ಕೆ ಕರೆದರು. ಮನೆಮದ್ದಿನಲ್ಲಿ ಅಷ್ಟೊಂದು ನಂಬಿಕೆ ಇಟ್ಟವರು ಹೀಗೆ ಮಾಡಿದ್ದು ನನಗೆ ಹಿಡಿಸಿತು.

ಹಣ್ಣು ಬಿಡಿಸುವ ಕೆಲಸ ಕಷ್ಟದ್ದಲ್ಲ, ಕೆಂಪಿನದು. ಅಂಗೈ, ಉಗುರು, ಸೀರೆಯ ಸೆರಗು, ಜಗಲಿಯ ನೆಲ ಎಲ್ಲವೂ ನೇರಳೆಗೆಂಪು. ಸಿಪ್ಪೆಯನ್ನು ಬೇರೆ ಮಾಡಿ ಬಿಸಿಲಿಗೆ ಹಾಕುವುದು; ಅದು ವರ್ಷವಿಡೀ ಸಾರಿಗೆ, ಶರಬತ್ತಿಗೆ. ಆ ಬಣ್ಣದ ನೀರನ್ನು ನಾನು ಶಾಲೆಗೂ ಒಯ್ದೆ. ಅಡುಗೆ ಸೋಡಾ ಬಿದ್ದ ಕೂಡಲೇ ಕೆಂಪು ಹೋಗಿ ನೀಲಿಹಸಿರಿನ ಕಡೆಗೆ ತಿರುಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಕೆಂಪು. ಲಿಟ್ಮಸ್ ಕಾಗದ ಖಾಲಿಯಾದ ಶಾಲೆಗೆ ಇದಕ್ಕಿಂತ ಒಳ್ಳೆಯದು ಬೇಡ.

ಹಣ್ಣಿನೊಳಗೆ ಹುಳಿಸಿಹಿ ತಿರುಳಿನಲ್ಲಿ ಅಡಗಿದ ಐದಾರು ಬೀಜಗಳಿರುತ್ತವೆ. ತಿರುಳು ಬಿಡುವುದು ಸುಲಭವಲ್ಲ. ಬುಟ್ಟಿಯಲ್ಲಿ ಹಾಕಿ, ಬೂದಿ ಸೇರಿಸಿ, ಹರಿಯುವ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯಬೇಕು. ಚೂರು ತಿರುಳು ಉಳಿದರೂ ಬೀಜ ಬೂಸು ಹಿಡಿಯುತ್ತದೆ ಎಂದು ಅಮ್ಮ ಪ್ರತಿ ಬುಟ್ಟಿಯನ್ನೂ ಮತ್ತೆ ನೋಡುತ್ತಿದ್ದರು. ಆಮೇಲೆ ಕಂಬಳಿಯ ಮೇಲೆ ಹರಡಿ ಬಿಸಿಲಿಗೆ. ಮೇ ಕೊನೆಯ ಬಿಸಿಲನ್ನು ನಂಬುವಂತಿಲ್ಲ. ಮಧ್ಯಾಹ್ನ ಗುಡುಗಿದರೆ ಊಟದ ತಟ್ಟೆ ಬಿಟ್ಟು ಓಡಿ ಕಂಬಳಿ ಮಡಚಬೇಕು. ಕೈಯಲ್ಲಿ ಅಲ್ಲಾಡಿಸಿದಾಗ ಬೀಜದೊಳಗಿನ ತಿರುಳು ಸದ್ದು ಮಾಡಿದರೆ ಒಣಗಿದೆ ಎಂದರ್ಥ. ಅಷ್ಟಾದ ಮೇಲೆ ಗೋಣಿಚೀಲಕ್ಕೆ ತುಂಬಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆವು. ಮಳೆಗಾಲದ ತೇವದಲ್ಲಿ ಒಣಗಿದ್ದನ್ನು ಒಣಗಿದಂತೆಯೇ ಇಡುವ ಜಾಗ ಆ ಮನೆಯಲ್ಲಿ ಅದೊಂದೇ.

ಚೀಲ ಕೆಳಗಿಳಿದದ್ದು ನವರಾತ್ರಿ ಕಳೆದ ಮೇಲೆ. ಬೀಜದ ಮೇಲೊಂದು ತೆಳುವಾದ ಕಂದು ಸಿಪ್ಪೆ. ಒರಳಲ್ಲಿ ಹಗುರವಾಗಿ ಕುಟ್ಟಿ, ಗೆರಸಿಯಲ್ಲಿ ಕೇರಿದರೆ ಸಿಪ್ಪೆ ಹಾರುತ್ತದೆ, ತಿರುಳು ಉಳಿಯುತ್ತದೆ. ಬರೆಯುವಷ್ಟು ಸುಲಭವಲ್ಲ ಎಂಬುದನ್ನು ಗೆರಸಿ ಹಿಡಿದವರು ಬಲ್ಲರು. ನನ್ನ ಕೈಯಲ್ಲಿ ಸಿಪ್ಪೆಯೂ ತಿರುಳೂ ಒಟ್ಟಿಗೆ ಅಂಗಳ ಸೇರಿದ್ದರಿಂದ ಆ ಕೆಲಸದಿಂದ ನನ್ನನ್ನು ಬಿಡಿಸಿ ಒನಕೆ ಕೊಟ್ಟರು. ತಿರುಳನ್ನು ಪುಡಿ ಮಾಡುತ್ತಾ ಹೋದಂತೆ ಅದು ಪುಡಿಯಾಗಿ ಉಳಿಯದೆ ಅಂಟಂಟಾಗಿ ಒನಕೆಗೆ ಹಿಡಿಯತೊಡಗುತ್ತದೆ. ಕೊಬ್ಬು ಹೊರಗೆ ಬರುತ್ತಿದೆ ಎಂಬುದಕ್ಕೆ ಅದೇ ಗುರುತು. ಮಿಕ್ಸಿಯಲ್ಲಿ ಹಾಕಬಾರದೇ ಎಂದು ಕೇಳಿದೆ. ಹಾಕಬಹುದು, ಸೊಸೆ ಹಾಗೇ ಮಾಡುತ್ತಾಳೆ, ಆದರೆ ಮಿಕ್ಸಿ ತೊಳೆಯುವವರು ಯಾರು ಎಂಬುದು ಅಮ್ಮನ ಮರುಪ್ರಶ್ನೆ. ಜಿಡ್ಡು ಹಿಡಿದ ಒರಳನ್ನು ನಾನೇ ತೊಳೆದ ಮೇಲೆ ಅದರ ತೂಕ ಗೊತ್ತಾಯಿತು.

ಈ ಕೊಬ್ಬನ್ನು ಎತ್ತಲು ಎರಡು ದಾರಿಗಳಿವೆ. ಒಂದು, ನುಣ್ಣಗೆ ಅರೆದ ತಿರುಳನ್ನು ತಣ್ಣೀರಿನಲ್ಲಿ ಕಲಸಿ ಮಜ್ಜಿಗೆಯಂತೆ ಕಡೆಯುವುದು; ಕೊಬ್ಬು ಬೆಣ್ಣೆಯ ಹಾಗೆ ಮೇಲೆ ಕೂಡಿಕೊಳ್ಳುತ್ತದೆ. ಇನ್ನೊಂದು, ನೀರಿನಲ್ಲಿ ಕುದಿಸುವುದು. ಅಮ್ಮನದು ಕುದಿಸುವ ದಾರಿ. ದೊಡ್ಡ ತಪ್ಪಲೆಯಲ್ಲಿ ಮುಕ್ಕಾಲು ನೀರು, ಅದಕ್ಕೆ ಪುಡಿ. ಬೆಂಕಿ ಸಣ್ಣಗಿರಬೇಕು. ಜೋರಾದರೆ ಕಂದು ನೊರೆ ಉಕ್ಕಿ ಒಲೆಯನ್ನೇ ಆರಿಸಿಬಿಡುತ್ತದೆ. ಕುದಿಯುತ್ತಾ ಕುದಿಯುತ್ತಾ ಮೇಲ್ಮೈಯಲ್ಲಿ ಹೊಳೆಯುವ ಕಣ್ಣುಗಳು ಮೂಡಿ, ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಸೌಟು ಆಡಿಸುವುದು, ನೀರು ಇಳಿದರೆ ಬಿಸಿನೀರು ಸೇರಿಸುವುದು, ಸೌದೆ ಒಳಗೆ ತಳ್ಳುವುದು. ಸಂಜೆ ಒಲೆಯಿಂದ ಇಳಿಸಿ ಮುಚ್ಚಿಟ್ಟು, ರಾತ್ರಿ ಅದರ ತಂಟೆಗೆ ಹೋಗಬಾರದು.

ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ನೀರಿನ ಮೇಲೆ ಬೆರಳು ದಪ್ಪದ ಹೆಪ್ಪು ಕೂತಿತ್ತು. ಅಂಚಿನಲ್ಲಿ ಚಾಕು ಆಡಿಸಿದರೆ ತುಂಡು ತುಂಡಾಗಿ ಏಳುತ್ತದೆ. ಅಡಿಯಲ್ಲಿ ಮೆತ್ತಿದ ಹಿಂಡಿಯನ್ನು ಕೆರೆದು, ತುಂಡುಗಳನ್ನು ಸಣ್ಣ ಬಾಣಲೆಯಲ್ಲಿ ಮತ್ತೆ ಕಾಸಬೇಕು. ಈ ಎರಡನೆಯ ಕಾಸುವಿಕೆಯೇ ಮುಖ್ಯ. ಮೊದಮೊದಲು ಚಟಪಟ ಸದ್ದು ಬರುತ್ತದೆ. ಅದು ಒಳಗೆ ಸಿಕ್ಕಿಕೊಂಡ ನೀರು. ಸದ್ದು ಪೂರ್ತಿ ನಿಲ್ಲುವವರೆಗೆ ಇಳಿಸಬಾರದು. ನೀರಿನ ಅಂಶವೇ ಇಲ್ಲದ ಕೊಬ್ಬಿನಲ್ಲಿ ಬೂಸು, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅಂಗಡಿಯ ಕ್ರೀಮಿನಲ್ಲಿ ನೀರು ಇರುವುದರಿಂದಲೇ ಅದಕ್ಕೆ ಕೆಡದಂತೆ ಕಾಯುವ ರಾಸಾಯನಿಕ ಬೇಕಾಗುವುದು. ಅಮ್ಮ ಇದನ್ನು ಪಾಠ ಮಾಡಲಿಲ್ಲ, "ಸದ್ದು ನಿಲ್ಲಲಿ" ಎಂದಷ್ಟೇ ಅಂದರು. ಆಮೇಲೆ ತೆಳುಬಟ್ಟೆಯಲ್ಲಿ ಸೋಸಿ ಒಣ ಗರಟೆಗಳಿಗೆ ಹೊಯ್ಯುವುದು. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬು ಇರುತ್ತದೆ, ಆದರೆ ಒರಳು ತಪ್ಪಲೆಗಳ ದಾರಿಯಲ್ಲಿ ಅಷ್ಟೂ ಕೈಗೆ ಬರುವುದಿಲ್ಲ. ಅಷ್ಟು ದೊಡ್ಡ ಚೀಲಕ್ಕೆ ಇಷ್ಟೇ ಗರಟೆಗಳೇ ಎಂದು ನನಗೆ ಅನ್ನಿಸಿತು. ಅಮ್ಮನ ಮುಖದಲ್ಲಿ ಮಾತ್ರ ತೃಪ್ತಿ ಇತ್ತು. ಉಳಿದ ಹಿಂಡಿ ಗೊಬ್ಬರಗುಂಡಿಗೆ.

ಶಾಲೆಯ ಥರ್ಮಾಮೀಟರ್ ತಂದು ಒಂದು ಚೂರನ್ನು ಬಿಸಿನೀರಿನ ಬಟ್ಟಲಿನಲ್ಲಿ ಕರಗಿಸಿ ನೋಡಿದೆ. ನಲವತ್ತು ಡಿಗ್ರಿಯ ಆಸುಪಾಸಿನಲ್ಲಿ ಕರಗಿತು. ಕೊಬ್ಬರಿ ಎಣ್ಣೆ ಇಪ್ಪತ್ತೈದರ ಸುತ್ತಲೇ ಕರಗುತ್ತದೆ. ಮುರುಗಲ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸ್ಟಿಯರಿಕ್ ಆಮ್ಲ, ಉಳಿದದ್ದರಲ್ಲಿ ಬಹುಪಾಲು ಒಲಿಯಿಕ್ ಆಮ್ಲ. ಅದಕ್ಕೇ ಈ ಗಟ್ಟಿತನ. ಚಾಕೊಲೇಟಿನ ಕೋಕೋ ಕೊಬ್ಬಿಗೆ ಇದು ಎಷ್ಟು ಹತ್ತಿರವೆಂದರೆ, ಯುರೋಪಿನ ಒಕ್ಕೂಟ 2000ರಲ್ಲಿ ಮಾಡಿದ ನಿಯಮದಂತೆ ಚಾಕೊಲೇಟಿಗೆ ಶೇ 5ರವರೆಗೆ ಬೆರೆಸಬಹುದಾದ ಆರು ಸಸ್ಯಕೊಬ್ಬುಗಳಲ್ಲಿ ಕೋಕಂ ಕೂಡ ಒಂದು.

ಇನ್ನು ಹಚ್ಚುವ ವಿಷಯ. ಅಂಗಾಲಿನ ಚರ್ಮದಲ್ಲಿ ಜಿಡ್ಡಿನ ಗ್ರಂಥಿಗಳೇ ಇಲ್ಲ. ಮೈಯ ಉಳಿದ ಭಾಗಕ್ಕೆ ಸಿಗುವ ಎಣ್ಣೆ ಹಿಮ್ಮಡಿಗೆ ಸಿಗುವುದಿಲ್ಲ. ದಪ್ಪ ಚರ್ಮ ಒಣಗುತ್ತದೆ, ಭಾರ ಬಿದ್ದಾಗ ಅಗಲವಾಗಲು ಹೋಗಿ ಸೀಳುತ್ತದೆ. ಅಮ್ಮನ ಕ್ರಮ ಹೀಗೆ: ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಇಟ್ಟು, ಕಲ್ಲಿನಲ್ಲಿ ಮೆಲ್ಲನೆ ಉಜ್ಜಿ, ಒರಸಿ, ಇನ್ನೂ ಪಸೆ ಇರುವಾಗಲೇ ತುಪ್ಪ ತಿಕ್ಕುವುದು. ಅವರು ಚಮಚದಲ್ಲಿ ಚೂರನ್ನು ದೀಪಕ್ಕೆ ಹಿಡಿದು ಕರಗಿಸಿ, ಬೆರಳಿಗೆ ತಾಳುವಷ್ಟು ಆರಿದ ಮೇಲೆ ಸೀಳಿನೊಳಕ್ಕೆ ಇಳಿಸುತ್ತಾರೆ. ಅದು ಒಳಗೇ ಹೆಪ್ಪಾಗಿ ಕೂರುತ್ತದೆ. ನಾನು ಅದರ ಮೇಲೆ ಹತ್ತಿಯ ಕಾಲುಚೀಲ ಹಾಕಿಕೊಂಡೆ, ಇಲ್ಲದಿದ್ದರೆ ಹಾಸಿಗೆಯ ಗತಿ ಹೇಳುವಂತಿರಲಿಲ್ಲ.

ವಿಜ್ಞಾನ ಪಾಠ ಮಾಡುವವರ ಚಾಳಿ ಬಿಡುವುದಿಲ್ಲವಲ್ಲ. ಎಡಗಾಲಿಗೆ ಮುರುಗಲ ತುಪ್ಪ, ಬಲಗಾಲಿಗೆ ಪೇಟೆಯ ವ್ಯಾಸಲೀನ್. ನೀರು, ಕಲ್ಲು, ಕಾಲುಚೀಲ ಎರಡಕ್ಕೂ ಒಂದೇ. ಕೆಲವು ವಾರಗಳ ನಂತರ ಎರಡೂ ಹಿಮ್ಮಡಿಗಳು ಕೂಡಿಕೊಂಡವು, ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಫಲಿತಾಂಶ ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲಗಾಲಿಗೆ ಎಡಗಾಲಿನ ತುಪ್ಪ ತಾಗಿರುತ್ತದೆ" ಎಂದರು. ಒಬ್ಬರ ಎರಡು ಕಾಲುಗಳಿಂದ ಯಾವುದೂ ಸಾಬೀತಾಗುವುದಿಲ್ಲ ಎಂಬುದು ನಿಜ, ಆದರೆ ನನಗೆ ಅನ್ನಿಸಿದ್ದು ಇಷ್ಟು: ತುಪ್ಪ ಚರ್ಮವನ್ನು ಗುಣ ಮಾಡುತ್ತಿಲ್ಲ, ಒಳಗಿನ ನೀರು ಹಾರಿಹೋಗದಂತೆ ಮುಚ್ಚುತ್ತಿದೆ. ಗುಣವಾಗುವುದು ಚರ್ಮದ ಸ್ವಂತ ಕೆಲಸ. ಹಾಗೆಂದು ನಾನು ವ್ಯಾಸಲೀನಿಗೆ ಮರಳಲಿಲ್ಲ. ಬೆಟ್ಟದಲ್ಲಿ ಬಿದ್ದು ಕೊಳೆಯುವ ಬೀಜದಿಂದ ಅಷ್ಟೇ ಕೆಲಸ ಆಗುವುದಾದರೆ ಇದೇ ಇರಲಿ.

ಎಲ್ಲ ಎಣ್ಣೆಯೂ ಚರ್ಮಕ್ಕೆ ಒಳ್ಳೆಯದು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಫಿಲಿಪ್ಪೀನ್ಸಿನಲ್ಲಿ ಅಟೋಪಿಕ್ ಡರ್ಮಟೈಟಿಸ್ ಎಂಬ ಒಣ ತುರಿಕೆ ಇದ್ದ ಮಕ್ಕಳ ಮೇಲೆ ಎಂಟು ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೊಬ್ಬರಿ ಎಣ್ಣೆ, ಖನಿಜ ತೈಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಅದೇ ಆಲಿವ್ ಎಣ್ಣೆ, ಒಲಿಯಿಕ್ ಆಮ್ಲ ಬಹಳ ಇರುವುದರಿಂದ, ಚರ್ಮದ ತಡೆಯನ್ನೇ ಸಡಿಲ ಮಾಡಬಹುದು. ತಲೆಹೊಟ್ಟಿಗೆ ಎಣ್ಣೆ ಹಚ್ಚಿ ಎನ್ನುವವರಿಗೂ ಒಂದು ಮಾತು: ಹೊಟ್ಟಿನ ಜೊತೆಗಿರುವ ಮಲಸೀಜಿಯ ಎಂಬ ಶಿಲೀಂಧ್ರದ ಊಟವೇ ಕೊಬ್ಬಿನ ಆಮ್ಲ.

ಸೋಂಕಿನ ಪ್ರಶ್ನೆ ಎದ್ದದ್ದು ಮುಂದಿನ ಮಳೆಗಾಲದಲ್ಲಿ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಂಚಿನ ಮೇಲೆ ನೆಟ್ಟಗೆ ಕೂರುತ್ತಿರಲಿಲ್ಲ, ಸೊಂಟ ಕೆರೆಯುವುದೇ ಕೆಲಸ. ಹುಳುಕಡ್ಡಿ. ಮನೆಯಲ್ಲಿ ಮೊದಲು ಹೊಂಗೆ ಎಣ್ಣೆಗೆ ನಿಂಬೆರಸ ಸೇರಿಸಿ ಹಚ್ಚಿದ್ದರು. ಆಮೇಲೆ ಅಂಗಡಿಯಿಂದ ತಂದ ಟ್ಯೂಬು. ಅದರಲ್ಲಿ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರಕ್ಕೆ ದಾರಿ ಬಿಡುತ್ತದೆ. ಕೊನೆಗೆ ಸೋದರಮಾವ ಬೆಂಗಳೂರಿನಿಂದ ಟೀ ಟ್ರೀ ಎಣ್ಣೆಯ ಪುಟ್ಟ ಸೀಸೆ ತಂದಿದ್ದ. ಹುಡುಗ ಅದನ್ನು ನೇರವಾಗಿ ಸುರಿದುಕೊಂಡು, ವೃತ್ತಾಕಾರದ ಕಲೆಯ ಸುತ್ತ ಸುಟ್ಟಂತೆ ಕೆಂಪಾಗಿತ್ತು.

ಇದನ್ನೇ ನೆಪ ಮಾಡಿಕೊಂಡು ತರಗತಿಯಲ್ಲಿ ಕಾಗದದ ಮೇಲೆ ಎರಡು ಹನಿ ಹಾಕಿ ತೋರಿಸಿದೆ. ಹೊಂಗೆ ಎಣ್ಣೆಯ ಹನಿ ಮರುದಿನವೂ ಜಿಡ್ಡಿನ ಕಲೆಯಾಗಿ ಉಳಿದಿತ್ತು. ನೀಲಗಿರಿ ಎಣ್ಣೆಯ ಹನಿ ಹಾರಿಹೋಗಿ ಗುರುತೇ ಇರಲಿಲ್ಲ. ಮೊದಲನೆಯದು ಗಾಣದಲ್ಲಿ ಹಿಂಡಿ ತೆಗೆದ ಎಣ್ಣೆ, ಎರಡನೆಯದು ಹಬೆಯಲ್ಲಿ ಬಟ್ಟಿ ಇಳಿಸಿದ್ದು. ಟೀ ಟ್ರೀ ಎಣ್ಣೆಯೂ ಈ ಎರಡನೆಯ ಜಾತಿ. ಆಸ್ಟ್ರೇಲಿಯಾದ ಆ ಗಿಡ ನಾವು ಕುಡಿಯುವ ಚಹಾದ ನೆಂಟನಲ್ಲ, ನೀಲಗಿರಿಯ ನೆಂಟ. ಬಟ್ಟಿ ಇಳಿಸಿದ ಎಣ್ಣೆಗಳು ಬಲು ಖಾರ, ತೆಳು ಮಾಡದೆ ಹಚ್ಚಬಾರದು. ಹಳೆಯ ಸೀಸೆಯದ್ದು ಗಾಳಿ ತಾಗಿ ಬದಲಾಗಿ ಅಲರ್ಜಿ ತರುವುದೂ ಉಂಟು. ನೀಲಗಿರಿ ಎಣ್ಣೆ ಆಗಲಿ ಬೇವಿನ ಎಣ್ಣೆ ಆಗಲಿ ಮಕ್ಕಳ ಹೊಟ್ಟೆಗೆ ಹೋದರೆ ಸೆಳವು ಬರುವಷ್ಟು ಅಪಾಯ. ಮಗುವಿಗೆ ಜಂತುಹುಳಕ್ಕೆಂದು ಬೇವಿನ ಎಣ್ಣೆ ನೆಕ್ಕಿಸುವ ಅಜ್ಜಿಯರಿಗೆ ನಾನು ಇದನ್ನು ಎದುರಿಗೇ ಹೇಳಿದ್ದೇನೆ, ಬೈಸಿಕೊಂಡೂ ಇದ್ದೇನೆ.

ಟೀ ಟ್ರೀ ಎಣ್ಣೆಯಲ್ಲಿ ಹುರುಳಿಲ್ಲ ಎನ್ನುವಂತೆಯೂ ಇಲ್ಲ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೊಡವೆಯ ಮೇಲೆ ಶೇ 5ರ ಟೀ ಟ್ರೀ ಜೆಲ್ಲನ್ನೂ ವೈದ್ಯರು ಕೊಡುವ ಬೆಂಜಾಯಿಲ್ ಪೆರಾಕ್ಸೈಡನ್ನೂ ಹೋಲಿಸಿದಾಗ ಎರಡೂ ಗುಣ ತೋರಿಸಿದ್ದವು. ಟೀ ಟ್ರೀ ನಿಧಾನ, ಉರಿ ಕಡಿಮೆ. ಕಾಲ್ಬೆರಳ ಸಂದಿಯ ಶಿಲೀಂಧ್ರದ ಮೇಲೆ 2002ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಶೇ 50ರ ದ್ರಾವಣ ಹಚ್ಚಿದವರಲ್ಲಿ ಶೇ 64 ಜನರಿಗೆ ಶಿಲೀಂಧ್ರ ಹೋಗಿತ್ತು, ಔಷಧವಿಲ್ಲದ ದ್ರಾವಣ ಹಚ್ಚಿದವರಲ್ಲಿ ಶೇ 31 ಜನರಿಗೆ. ಪರವಾಗಿಲ್ಲ ಎನ್ನಬಹುದಾದ ಲೆಕ್ಕ. ಆದರೆ ಅದು ಬೆರಳ ಸಂದಿಯ ಮಾತು. ಸೊಂಟ, ತೊಡೆ ದಾಟಿ ಹರಡಿದ, ಸ್ಟಿರಾಯ್ಡ್ ತಿಂದು ಕೊಬ್ಬಿದ ಹುಳುಕಡ್ಡಿಗೆ ಸೀಸೆ ಸಾಲದು. ಹುಡುಗನನ್ನು ಚರ್ಮರೋಗದ ವೈದ್ಯರಲ್ಲಿಗೆ ಕಳಿಸಿದೆವು. ಕಲೆಯ ಅಂಚಿನಿಂದ ಪುಡಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ವಾರಗಟ್ಟಲೆ ನುಂಗುವ ಮಾತ್ರೆ ಕೊಟ್ಟರು. ಮನೆಯವರೆಲ್ಲರ ಮೈ ನೋಡಿಸಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿ ಎಂದರು. ಆಷಾಢದ ಮಲೆನಾಡಿನಲ್ಲಿ ಬಟ್ಟೆ ಒಣಗಿಸುವುದು! ಮಾತ್ರೆಗಿಂತ ಅದೇ ಕಷ್ಟದ ಚಿಕಿತ್ಸೆಯಾಯಿತು ಅವರ ಮನೆಗೆ.

ಮನೆಯೊಳಗಿನ ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ಅಮ್ಮನ ಯಜಮಾನರಿಗೆ ಬಹುಕಾಲದ ಸಕ್ಕರೆ ಕಾಯಿಲೆ. ತೋಟಕ್ಕೆ ಬರಿಗಾಲಲ್ಲೇ ಹೋಗುವವರು. ಅವರ ಹಿಮ್ಮಡಿಯ ಸೀಳಿಗೂ ಮುರುಗಲ ತುಪ್ಪವೇ ಬೀಳುತ್ತಿತ್ತು, ನೋವಿಲ್ಲ ಎನ್ನುತ್ತಿದ್ದರು. ಪಾದದ ನರಗಳು ಮಂಕಾಗಿದ್ದರಿಂದ ನೋವು ಗೊತ್ತಾಗುತ್ತಿರಲಿಲ್ಲ ಅಷ್ಟೇ. ಒಂದು ಸಂಜೆ ಚಳಿಜ್ವರ ಬಂದಾಗ ನೋಡಿದರೆ ಕಾಲು ಹರಡಿನವರೆಗೆ ಕೆಂಪಾಗಿ ಬಾತು, ಮುಟ್ಟಿದರೆ ಕಾವು. ಅಮ್ಮ ಅಡುಗೆಮನೆಯಿಂದ ಗರಟೆ ತರಲು ಎದ್ದರು. ಬೇಡಮ್ಮ, ಜೀಪು ಕರೆಸಿ ಎಂದೆ. ನನ್ನ ಮುಖ ನೋಡಿ ಮಾತಾಡದೆ ಮಗನಿಗೆ ಫೋನ್ ಮಾಡಿದರು.

ಆಸ್ಪತ್ರೆಯಲ್ಲಿ ಸೆಲ್ಯುಲೈಟಿಸ್ ಎಂದರು. ಸೀಳಿನ ಮೂಲಕ ಬ್ಯಾಕ್ಟೀರಿಯಾ ಚರ್ಮದ ಆಳಕ್ಕೆ ಇಳಿದಿತ್ತು. ರಕ್ತನಾಳಕ್ಕೆ ಆ್ಯಂಟಿಬಯೋಟಿಕ್, ಸಕ್ಕರೆಗೆ ಇನ್ಸುಲಿನ್, ದಿನವೂ ಗಾಯ ತೊಳೆದು ಪಟ್ಟಿ. ವೈದ್ಯೆ ಚಿಕ್ಕ ವಯಸ್ಸಿನವರು, ಕರಾವಳಿಯ ಕಡೆಯವರು, ಮುರುಗಲ ತುಪ್ಪ ಎಂದರೆ ಏನೆಂದು ಅವರಿಗೆ ಹೇಳಬೇಕಾಗಲಿಲ್ಲ. ಒಣ ಚರ್ಮಕ್ಕೆ ಹಚ್ಚಿ, ತೊಂದರೆಯಿಲ್ಲ. ಕೀವು, ಕೆಂಪು, ಬಾವು ಇದ್ದಲ್ಲಿ ಬೇಡ, ಬೆರಳ ಸಂದಿಗಂತೂ ಬೇಡವೇ ಬೇಡ, ಅಲ್ಲಿ ಪಸೆ ನಿಂತರೆ ಶಿಲೀಂಧ್ರಕ್ಕೆ ಸುಗ್ಗಿ ಎಂದರು. ಯಜಮಾನರು ಬಿಸಿನೀರಿನಲ್ಲಿ ಕಾಲು ಇಡುವುದನ್ನೂ ನಿಲ್ಲಿಸಿದರು. ಬಿಸಿ ತಿಳಿಯದ ಪಾದ ಸುಟ್ಟರೂ ತಿಳಿಯುವುದಿಲ್ಲವಂತೆ. ತೋಟಕ್ಕೆ ಚಪ್ಪಲಿ ಕಡ್ಡಾಯವಾಯಿತು, ರಾತ್ರಿ ಅಂಗಾಲನ್ನು ಕನ್ನಡಿ ಹಿಡಿದು ನೋಡುವುದೂ ಕಡ್ಡಾಯ. ಆ ಕನ್ನಡಿ ಹಿಡಿಯುವುದು ಅಮ್ಮನ ಕೆಲಸ.

ಕೇರಿಯಲ್ಲಿ ಯಾರಾದರೂ ತುಪ್ಪ ಕೇಳಿಕೊಂಡು ಬಂದರೆ ಅಮ್ಮ ಈಗ ಮೊದಲು ಕಾಲು ತೋರಿಸಿ ಎನ್ನುತ್ತಾರೆ. ಸಕ್ಕರೆ ಇದೆಯೇ ಎಂದು ಕೇಳುತ್ತಾರೆ. ಕೆಂಪಾಗಿದ್ದರೆ ಗರಟೆ ಒಳಗಿಂದ ಹೊರಗೆ ಬರುವುದೇ ಇಲ್ಲ. ಒಬ್ಬರು ಇದರಿಂದ ಬೇಸರಪಟ್ಟುಕೊಂಡು ಬೇರೆ ಮನೆಗೆ ಹೋಗಿ ಇಸಿದುಕೊಂಡರು ಎಂಬ ಸುದ್ದಿಯೂ ಬಂತು.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ನನ್ನ ಅವ್ವನಿಗೂ ಒಂದು ಗರಟೆ ಒಯ್ದೆ. ಬಸ್ಸಿನ ಕಿಟಕಿಯ ಬಿಸಿಲಿಗೆ ಅಂಚು ಕರಗಿ ಚೀಲಕ್ಕೆ ಅಂಟಿತ್ತು. ತುಪ್ಪ ಎಂದು ಕೊಟ್ಟು, ಪಕ್ಕದ ಮನೆಯವರು ಕರೆದರೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಅವ್ವ ಅದರಲ್ಲಿ ಸಾರಿಗೆ ಒಗ್ಗರಣೆ ಹಾಕಿ ಮುಗಿಸಿದ್ದಳು. ಗಾಬರಿಯಾಗಬೇಕಾದ್ದೇನಿಲ್ಲ, ಘಟ್ಟದ ಕಡೆ ಇದನ್ನು ಅಡುಗೆಗೂ ಬಳಸುವವರಿದ್ದಾರೆ. ಅವ್ವನ ತಕರಾರು ಬೇರೆ. "ಅಲ್ಲಿಯ ಹಸುಗಳಿಗೆ ಏನು ಹಾಕುತ್ತಾರೆ? ತುಪ್ಪಕ್ಕೆ ಘಮವೇ ಇಲ್ಲವಲ್ಲ" ಎಂದಳು.